ಓದುಗರ ಪ್ರಶ್ನೆ: ಮೇಲೆ ಯಾರು, ಕೆಳಗೆ ಯಾರು?

ಪ್ರಶ್ನೆ: ಸರ್, ನಾನು ದ್ವಿತೀಯ ಪಿಯುಸಿ. ಇಂಟಿಗ್ರೇಷನ್ ಬಿಡಿಸೋದು ನನಗೆ ಅಷ್ಟೇನೂ ಕಷ್ಟ ಅಲ್ಲ. ಆದರೆ ಗೆರೆ ಮತ್ತು ವಕ್ರರೇಖೆ ನಡುವಿನ ವಿಸ್ತೀರ್ಣ ಕಂಡುಹಿಡಿಯಿರಿ ಅಂದ ತಕ್ಷಣ ಎಲ್ಲಾ ಕಲಸಿಹೋಗುತ್ತದೆ. ಕೆಲವು ಸಲ ಉತ್ತರ ಮೈನಸ್ ಬರುತ್ತದೆ. ಮೊನ್ನೆ ಟೆಸ್ಟ್‌ನಲ್ಲಿ ವೈ = ಎಕ್ಸ್³ ಮತ್ತು ವೈ = ಎಕ್ಸ್ ಕೊಟ್ಟಿದ್ದರು, ನನಗೆ ಸೊನ್ನೆ ಬಂತು. ಚಿತ್ರದಲ್ಲಿ ಜಾಗ ಕಣ್ಣಿಗೆ ಕಾಣುತ್ತಿದೆ, ಲೆಕ್ಕದಲ್ಲಿ ಇಲ್ಲ! ಎಲ್ಲಿ ತಪ್ಪುತ್ತಿದ್ದೇನೆ?
– ವಿದ್ಯಾರ್ಥಿನಿ, ಹಾವೇರಿ

ಉತ್ತರ: ನಿನ್ನ ಇಂಟಿಗ್ರೇಷನ್‌ನಲ್ಲಿ ತಪ್ಪಿಲ್ಲಮ್ಮ. ಆ ಲೆಕ್ಕಕ್ಕೆ −1ರಿಂದ 1ರವರೆಗೆ ಒಂದೇ ಸಲಕ್ಕೆ ಮಾಡಿದರೆ ಸೊನ್ನೆಯೇ ಬರಬೇಕು. ತಪ್ಪಾಗಿರೋದು ಪೆನ್ನು ಹಿಡಿಯೋಕೆ ಮುಂಚೆ. ಆ ಲೆಕ್ಕಕ್ಕೆ ಆಮೇಲೆ ಬರೋಣ, ಮೊದಲು ಒಂದು ಸುಲಭದ್ದು ನೋಡು.

ವೈ = ಎಕ್ಸ್ + 2 ಅನ್ನೋದು ಗೆರೆ. ವೈ = ಎಕ್ಸ್² ಅನ್ನೋದು ಬಟ್ಟಲಿನ ಹಾಗೆ ಮೇಲಕ್ಕೆ ಬಾಯಿ ತೆರೆದ ವಕ್ರರೇಖೆ, ಅದಕ್ಕೆ ಪ್ಯಾರಾಬೋಲಾ ಅನ್ನುತ್ತಾರೆ. ಎರಡೂ ಎಲ್ಲಿ ಸೇರುತ್ತವೆ? ಎಕ್ಸ್² = ಎಕ್ಸ್ + 2 ಬಿಡಿಸಿದರೆ −1 ಮತ್ತು 2. ಇವೇ ನಿನ್ನ ಲಿಮಿಟ್ಸ್, ಅಂದರೆ ಲೆಕ್ಕ ಶುರುವಾಗೋ ಮತ್ತು ಮುಗಿಯೋ ಜಾಗ. ಈಗ ನಡುವಿನ ಜಾಗವನ್ನು ಶಾವಿಗೆ ಎಳೆಯಷ್ಟು ತೆಳುವಾದ ನಿಂತ ಪಟ್ಟಿಗಳಾಗಿ ಸೀಳು. ಒಂದೊಂದು ಪಟ್ಟಿಯ ತಲೆ ಗೆರೆಗೆ ತಾಗಿರುತ್ತದೆ, ಬುಡ ಬಟ್ಟಲಿಗೆ ತಾಗಿರುತ್ತದೆ. ಹಾಗಾಗಿ ಎತ್ತರ ಅಂದರೆ ಮೇಲಿನದು ಕಳೆ ಕೆಳಗಿನದು, (ಎಕ್ಸ್ + 2) − ಎಕ್ಸ್². ಎಕ್ಸ್ ಸೊನ್ನೆ ಇದ್ದಾಗ ಪಟ್ಟಿಯ ಎತ್ತರ 2, ಅರ್ಧ ಇದ್ದಾಗ 2.25, ಒಂದು ಇದ್ದಾಗ ಮತ್ತೆ 2, ಎರಡೂ ತುದಿಯಲ್ಲಿ ಸೊನ್ನೆ. ಈ ಎಳೆಗಳನ್ನೆಲ್ಲ ಕೂಡಿಸೋದೇ ಇಂಟಿಗ್ರೇಷನ್. ಆ ಉದ್ದನೆಯ ಚಿಹ್ನೆ ಇದೆಯಲ್ಲ, ಅದು ಜರ್ಮನ್ ಗಣಿತಜ್ಞ ಲೈಬ್ನಿಟ್ಸ್ 1675ರಲ್ಲಿ ಬರೆದ ಉದ್ದ ‘ಎಸ್’ ಅಕ್ಷರ. ಲ್ಯಾಟಿನ್‌ನಲ್ಲಿ ಮೊತ್ತಕ್ಕೆ ‘ಸುಮ್ಮಾ’ ಅನ್ನುತ್ತಾರೆ, ಅದರ ಮೊದಲಕ್ಷರ.

ಕೂಡಿಸಿದರೆ ಎಕ್ಸ್²/2 + 2ಎಕ್ಸ್ − ಎಕ್ಸ್³/3. ಇದಕ್ಕೆ 2 ಹಾಕಿದರೆ 10/3. −1 ಹಾಕಿದರೆ −7/6, ಮಾರ್ಕ್ಸ್ ಹೋಗೋದು ಹೆಚ್ಚಾಗಿ ಇಲ್ಲೇ, ಮೈನಸ್ ಒಂದರ ಘನ ಮೈನಸ್, ಅದರ ಮುಂದೆ ಇನ್ನೊಂದು ಮೈನಸ್, ಅಲ್ಲಿ ಕೈ ಜಾರುತ್ತದೆ. ಕಳೆದರೆ 27/6, ಅಂದರೆ 4.5. ಕಳೆಯೋದನ್ನು ಉಲ್ಟಾ ಮಾಡಿದ್ದರೆ −4.5 ಬರುತ್ತಿತ್ತು. ನಿನ್ನ ಮೈನಸ್ ಉತ್ತರಗಳ ಕಥೆ ಅಷ್ಟೇ.

ಸರಿ ಇದೆಯಾ ಅಂತ ನೋಡೋಕೆ ಒಂದು ದಾರಿ ಹೇಳ್ತೀನಿ. ಎರಡು ಲಿಮಿಟ್‌ಗಳ ಅಂತರ 3, ಅದರ ಘನ 27, ಆರರಿಂದ ಭಾಗಿಸು, 4.5. ಎಕ್ಸ್² ಮುಂದೆ ಬೇರೆ ಸಂಖ್ಯೆ ಇದ್ದರೆ ಅದರಿಂದ ಗುಣಿಸು, ಅದರ ಮೈನಸ್ ಬಿಟ್ಟುಬಿಡು. ಗೆರೆ ಮತ್ತು ಪ್ಯಾರಾಬೋಲಾಗೆ ಮಾತ್ರ ಇದು ನಡೆಯುತ್ತದೆ. ಪರೀಕ್ಷೆಯಲ್ಲಿ ಇದನ್ನೇ ಬರೆದು ಬರಬೇಡ, ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಮಾಡಿ ನೋಡಿಕೋ.

ಇಂಟಿಗ್ರೇಷನ್ ಹುಟ್ಟೋಕೆ ಎಷ್ಟೋ ಮುಂಚೆ, ಕ್ರಿ.ಪೂ. 3ನೇ ಶತಮಾನದಲ್ಲಿ, ಸಿರಾಕ್ಯೂಸ್‌ನ ಆರ್ಕಿಮಿಡೀಸ್ ಇದೇ ಜಾಗವನ್ನು ಅಳೆದಿದ್ದ. ಗೆರೆ ಸೇರುವ ಎರಡು ಬಿಂದು, ಅವುಗಳ ನಡುಮಧ್ಯದ ಎಕ್ಸ್‌ಗೆ ಬಟ್ಟಲಿನ ಮೇಲಿರುವ ಬಿಂದು, ಈ ಮೂರನ್ನು ಸೇರಿಸಿ ತ್ರಿಕೋನ ಮಾಡಿದರೆ ಒಟ್ಟು ಜಾಗ ಆ ತ್ರಿಕೋನದ 4/3 ಪಾಲು ಅಂತ ಸಾಧಿಸಿದ. ನಮ್ಮ ಚಿತ್ರದಲ್ಲಿ ತ್ರಿಕೋನ 27/8. ಅದರ 4/3 ಎಷ್ಟು, ನೀನೇ ನೋಡು.

ಈಗ ನಿನ್ನ ಸೊನ್ನೆ. ಎಕ್ಸ್³ ಮತ್ತು ಎಕ್ಸ್ ಸೇರೋದು −1, 0, 1 ಈ ಮೂರು ಕಡೆ. ನಡುವಿನ ಸೊನ್ನೆಯನ್ನು ನೀನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಎಕ್ಸ್‌ಗೆ 1/2 ಹಾಕು: ಗೆರೆ 1/2, ವಕ್ರರೇಖೆ 1/8, ಗೆರೆ ಮೇಲಿದೆ. −1/2 ಹಾಕು: ಗೆರೆ −1/2, ವಕ್ರರೇಖೆ −1/8. ಈಗ ವಕ್ರರೇಖೆ ಮೇಲೆ! ಸೊನ್ನೆ ದಾಟುವಾಗ ಇಬ್ಬರೂ ಜಾಗ ಬದಲಾಯಿಸಿಕೊಂಡರು. ಒಂದು ಕಡೆ ಪ್ಲಸ್ 1/4, ಇನ್ನೊಂದು ಕಡೆ ಮೈನಸ್ 1/4, ಜಮಾ ಖರ್ಚು ಸರಿಹೋಗಿ ಪಾಸ್‌ಬುಕ್‌ನಲ್ಲಿ ಸೊನ್ನೆ. ಎರಡು ತುಂಡು ಮಾಡಿ, ಪ್ರತಿ ತುಂಡಿನಲ್ಲೂ ಮೇಲಿನದರಿಂದ ಕೆಳಗಿನದು ಕಳೆದು ಕೂಡಿಸು, 1/2 ಬರುತ್ತದೆ. ಅಂದಹಾಗೆ, ಜಾಗ ಎಕ್ಸ್ ಅಕ್ಷದ ಕೆಳಗಿದ್ದರೆ ಏನು ಮಾಡೋದು ಅಂತ ಗಾಬರಿ ಬೇಡ. ಇಡೀ ಚಿತ್ರವನ್ನು ಹತ್ತು ಮನೆ ಮೇಲೆ ಎತ್ತಿದರೂ ಪಟ್ಟಿಗಳ ಎತ್ತರ ಅಷ್ಟೇ ಇರುತ್ತದೆ, ಅಲ್ವಾ?

ಪ್ರಶ್ನೆ: ವೈ² = 4ಎಕ್ಸ್ ಮತ್ತು ವೈ = 2ಎಕ್ಸ್ − 4. ಒಂದು ಪುಟ ತುಂಬಿದರೂ ಮುಗಿಯುತ್ತಿಲ್ಲ.
– ಅದೇ ವಿದ್ಯಾರ್ಥಿನಿಯ ಗೆಳತಿ

ಉತ್ತರ: ನಿಂತ ಪಟ್ಟಿ ಬಿಡು, ಮಲಗಿದ ಪಟ್ಟಿ ಹಾಕು. ಬಲಗಡೆಯದು ಕಳೆ ಎಡಗಡೆಯದು: (ವೈ + 4)/2 − ವೈ²/4. ವೈ −2ರಿಂದ 4ರವರೆಗೆ. ಉತ್ತರ 9. ನಾಲ್ಕು ಸಾಲು ಸಾಕು.

ಪ್ರಶ್ನೆ: ನನ್ನ ಮಗನ ಪುಸ್ತಕದಲ್ಲಿ ಈ ಚಿತ್ರ ನೋಡಿ ಕೇಳುತ್ತಿದ್ದೇನೆ. ನಮ್ಮ ಹೊಲದ ಒಂದು ತುಂಡಿಗೆ ಒಂದು ಕಡೆ ನೆಟ್ಟಗಿನ ಬದು, ಇನ್ನೊಂದು ಕಡೆ ಬಾಗಿದ ಹಳ್ಳ. ಬದು 120 ಅಡಿ ಉದ್ದ. ಹಳ್ಳಕ್ಕೆ ಯಾವ ಸೂತ್ರವೂ ಇಲ್ಲವಲ್ಲ, ಎಷ್ಟು ಗುಂಟೆ ಅಂತ ಹೇಗೆ ತಿಳಿಯೋದು?
– ರೈತರು, ಶಿಗ್ಗಾಂವಿ ತಾಲ್ಲೂಕು

ಉತ್ತರ: ಯಜಮಾನರೇ, ನಿಮ್ಮದೇ ನಿಜವಾದ ಲೆಕ್ಕ. ಬದುವಿನ ಮೇಲೆ ಹಗ್ಗ ಎಳೆದು ಕಟ್ಟಿ, 20 ಅಡಿಗೊಂದು ಗೂಟ ಹೊಡೆಯಿರಿ. ಪ್ರತಿ ಗೂಟದಿಂದ ಹಳ್ಳದ ಅಂಚಿಗೆ ಬದುವಿಗೆ ಲಂಬಕೋನದಲ್ಲೇ ಟೇಪ್ ಹಿಡಿಯಿರಿ, ಓರೆ ಹಿಡಿದರೆ ಅಳತೆ ತಪ್ಪುತ್ತದೆ. ಉದಾಹರಣೆಗೆ 0, 18, 30, 36, 33, 21, 0 ಅಡಿ ಬಂತು ಅಂತ ಇಟ್ಟುಕೊಳ್ಳಿ. ಎರಡು ತುದಿಯ ಅಳತೆಗಳನ್ನು ಅರ್ಧ ಮಾಡಿ (ಇಲ್ಲಿ ಎರಡೂ ಸೊನ್ನೆ), ಉಳಿದವನ್ನು ಹಾಗೇ ಕೂಡಿಸಿದರೆ 138. 20ರಿಂದ ಗುಣಿಸಿದರೆ 2760 ಚದರಡಿ. 33 ಅಡಿಗೆ 33 ಅಡಿ, 1089 ಚದರಡಿ ಒಂದು ಗುಂಟೆ. ಅಂದರೆ ಎರಡೂವರೆ ಗುಂಟೆಗೆ ಸ್ವಲ್ಪ ಮೇಲೆ.

ಆದರೆ ಇದು ಚೂರು ಕಡಿಮೆ. ಗೂಟದಿಂದ ಗೂಟಕ್ಕೆ ಹಳ್ಳ ನೆಟ್ಟಗೆ ಹೋಗುತ್ತದೆ ಅಂತ ಅಂದುಕೊಂಡಿದ್ದೇವೆ, ನಿಜದಲ್ಲಿ ಅದು ಹೊರಕ್ಕೆ ಉಬ್ಬಿದೆ, ಆ ಉಬ್ಬು ಲೆಕ್ಕಕ್ಕೆ ಸಿಗಲಿಲ್ಲ. ಅದಕ್ಕೆ ಸಿಂಪ್ಸನ್ ನಿಯಮ: ಮೊದಲ ಮತ್ತು ಕೊನೆಯ ಅಳತೆ ಒಂದು ಪಟ್ಟು, ಎರಡನೆಯದು, ನಾಲ್ಕನೆಯದು, ಆರನೆಯದು ನಾಲ್ಕು ಪಟ್ಟು, ಮೂರನೆಯದು ಮತ್ತು ಐದನೆಯದು ಎರಡು ಪಟ್ಟು. ಕೂಡಿಸಿದರೆ 426. 20ರಿಂದ ಗುಣಿಸಿ 3ರಿಂದ ಭಾಗಿಸಿ: 2840 ಚದರಡಿ, ಸುಮಾರು 2.6 ಗುಂಟೆ. ಗೂಟಗಳ ನಡುವಿನ ಪಟ್ಟಿಗಳು ಸರಿಸಂಖ್ಯೆಯಲ್ಲಿರಬೇಕು, ಇಲ್ಲಿ ಆರು ಇವೆ. (ಸಿಂಪ್ಸನ್‌ಗೂ ನೂರು ವರ್ಷ ಮುಂಚೆ ಖಗೋಳಜ್ಞ ಕೆಪ್ಲರ್ ವೈನ್ ಪೀಪಾಯಿ ಅಳೆಯೋಕೆ ಹೆಚ್ಚುಕಮ್ಮಿ ಇದೇ ಉಪಾಯ ಹೂಡಿದ್ದ. ಅವನ ಆ ಪುಸ್ತಕ ಬಂದಿದ್ದು 1615ರಲ್ಲಿ.)

ಇದು ನಿಮ್ಮ ತಿಳಿವಳಿಕೆಗೆ ಮಾತ್ರ. ಪಹಣಿ ತಿದ್ದಿಸೋಕಾಗಲಿ ಪಾಲು ಮಾಡೋಕಾಗಲಿ ಸರ್ವೆಯರ್ ಅಳತೆಯೇ ಬೇಕು. ಮಗನನ್ನು ಟೇಪಿನ ಇನ್ನೊಂದು ತುದಿ ಹಿಡಿಯೋಕೆ ಕರೆದುಕೊಂಡು ಹೋಗಿ. ಮಳೆಗಾಲ ಮುಗಿದ ಮೇಲೆ ಅಳೆಯಿರಿ, ನೀರು ತುಂಬಿದಾಗ ಹಳ್ಳದ ಅಂಚು ಎಲ್ಲಿದೆ ಅಂತಲೇ ಗೊತ್ತಾಗೋದಿಲ್ಲ.