ಚೆಸ್‌ನಲ್ಲಿ ಕಪ್ಪು ಕಾಯಿಗಳಿಂದ ಗೆದ್ದ ಪಂದ್ಯಗಳಲ್ಲಿ ನಿಮಗೆ ಅಚ್ಚುಮೆಚ್ಚಿನದು ಯಾವುದು?

ಬಿಳಿಯೇ ಮೊದಲು ಆಡುವುದರಿಂದ, ಕಪ್ಪು ಕಾಯಿ ಸಿಕ್ಕವರಿಗೆ ಎದುರಾಳಿ ತಪ್ಪು ಮಾಡಲಿ ಎಂದು ಕಾಯುವುದೊಂದೇ ದಾರಿ ಎಂದು ಪ್ರಶ್ನೆಯ ಜೊತೆಗೆ ಬರೆದಿದ್ದೀರಿ. ನಾನು ಒಪ್ಪುವುದಿಲ್ಲ. 2013ರ ಜನವರಿಯಲ್ಲಿ ನೆದರ್‌ಲ್ಯಾಂಡ್ಸ್‌ನ ವೈಕ್ ಆನ್ ಝೀಯಲ್ಲಿ ನಡೆದ ಟಾಟಾ ಸ್ಟೀಲ್ ಟೂರ್ನಿಯ ಅರೋನಿಯನ್–ಆನಂದ್ ಪಂದ್ಯವನ್ನು ಹಲಗೆಯ ಮೇಲೆ ಆಡಿ ನೋಡಿ. ಇಪ್ಪತ್ತಮೂರೇ ನಡೆ. ಬಿಳಿ ಕಾಯಿ ಅರ್ಮೇನಿಯಾದ ಗ್ರ್ಯಾಂಡ್‌ಮಾಸ್ಟರ್ ಲೆವೊನ್ ಅರೋನಿಯನ್ ಅವರದು, ಕಪ್ಪು ಕಾಯಿ ಆಗಿನ ವಿಶ್ವ ಚಾಂಪಿಯನ್ ವಿಶ್ವನಾಥನ್ ಆನಂದ್ ಅವರದು.

ಆರಂಭ ಸೆಮಿ ಸ್ಲಾವ್ ಎಂಬ ಹೆಸರುವಾಸಿ ನಡೆಗಳ ಸರಣಿ. (ಮುಂದೆ ಬರುವ ಜಿ5, ಎಚ್7 ಮುಂತಾದವು ಹಲಗೆಯ ಮನೆಗಳ ಹೆಸರು: ಅಕ್ಷರ ಕಂಬಸಾಲನ್ನು, ಅಂಕಿ ಬಿಳಿಯ ಕಡೆಯಿಂದ ಎಣಿಸಿದ ಅಡ್ಡಸಾಲನ್ನು ಹೇಳುತ್ತದೆ.) ಹನ್ನೆರಡನೆಯ ನಡೆಯಲ್ಲಿ ಅರೋನಿಯನ್ ಕುದುರೆಯನ್ನು ಜಿ5ಕ್ಕೆ ನುಗ್ಗಿಸಿ ಎಚ್7ರ ಕಾಲಾಳಿಗೆ ಗುರಿಯಿಟ್ಟರು. ಆನಂದ್ ಅದನ್ನು ಕಾಪಾಡುವ ಗೋಜಿಗೇ ಹೋಗದೆ ಸಿ5ಕ್ಕೆ ಕಾಲಾಳು ತಳ್ಳಿದರು. ಮುಂದಿನ ನಾಲ್ಕು ನಡೆಗಳ ನಂತರ ಹಲಗೆಯನ್ನು ನೋಡಿದರೆ ಎದೆ ಝಲ್ಲೆನ್ನುತ್ತದೆ: ಸಿ5ರ ಒಂಟೆ (ಬಿಷಪ್), ಇ5ರ ಕುದುರೆ, ಜಿ4ರ ಕುದುರೆ, ಎಫ್8ರ ಆನೆ (ರೂಕ್), ಈ ನಾಲ್ಕರಲ್ಲಿ ಯಾವುದನ್ನು ಬೇಕಾದರೂ ಬಿಳಿ ಹೊಡೆಯಬಹುದು! ಆದರೆ ಕಪ್ಪಿನ ಎರಡೂ ಒಂಟೆಗಳು ಬಿಳಿ ರಾಜನ ಕೋಟೆಯತ್ತಲೇ ನೆಟ್ಟ ದೃಷ್ಟಿಯಲ್ಲಿವೆ.

ನನ್ನನ್ನು ಗೆದ್ದದ್ದು ಹತ್ತೊಂಬತ್ತನೆಯ ನಡೆ. ಬಿಳಿ ಕುದುರೆ ಎಫ್8ರ ಆನೆಯನ್ನು ತಿಂದಿದೆ. ನಾವೆಲ್ಲ ಮರುಕ್ಷಣವೇ ಆ ಕುದುರೆಯನ್ನು ಹೊಡೆಯುತ್ತಿದ್ದೆವು. ಆನಂದ್ ಸದ್ದಿಲ್ಲದೆ ಎಫ್ ಕಾಲಾಳನ್ನು ಎರಡು ಮನೆ ಮುಂದೆ ಇಡುತ್ತಾರೆ. ಅಷ್ಟರಲ್ಲೇ ಬಿಳಿ ರಾಣಿ ಎಚ್7ಕ್ಕೆ ಬರುವ ದಾರಿ ಮುಚ್ಚಿತು, ಜಿ4ರ ಕುದುರೆಗೆ ಆಸರೆ ಸಿಕ್ಕಿತು, ಕಪ್ಪು ರಾಣಿ ಎಚ್4ಕ್ಕೆ ಇಳಿಯುವ ಬೆದರಿಕೆಯೂ ಹುಟ್ಟಿತು. ಆನೆ ಕಳೆದುಕೊಂಡವರು ಆಡುವ ನಡೆಯೇ ಇದು?

2012ರಲ್ಲಿ ಇಸ್ರೇಲಿನ ಬೋರಿಸ್ ಗೆಲ್ಫಾಂಡ್ ವಿರುದ್ಧ ನಡೆದ ವಿಶ್ವ ಚಾಂಪಿಯನ್‌ಷಿಪ್‌ಗಾಗಿ ಆನಂದ್ ಮಾಡಿಕೊಂಡಿದ್ದ ತಯಾರಿ ಇಲ್ಲಿ ಕೈಹಿಡಿಯಿತು. ಅದರಿಂದ ಆಟದ ಬೆಲೆ ಕುಗ್ಗುತ್ತದೆ ಎನ್ನುವವರಿದ್ದಾರೆ, ನನಗೆ ಹಾಗನ್ನಿಸುವುದಿಲ್ಲ. ಇಂಥ ನಡೆಯನ್ನು ಮನೆಯಲ್ಲಿ ಕುಳಿತು ಹುಡುಕಿ, ನೆನಪಿಟ್ಟುಕೊಂಡು, ಅರೋನಿಯನ್‌ರಂಥವರ ಮುಂದೆ ಧೈರ್ಯವಾಗಿ ಆಡುವುದು ಸಾಮಾನ್ಯವೇ?

ಕೊನೆಯ ನಡೆಯನ್ನು ನಿಧಾನವಾಗಿ ನೋಡಿ. ಎಚ್3ರ ಕಾಲಾಳನ್ನು ಕಾಯಲು ಬಿಳಿ ರಾಣಿ ಡಿ3ಕ್ಕೆ ಬಂದಿದೆ. ಆನಂದ್ ಒಂಟೆಯನ್ನು ನಡುವೆ, ಇ3ಕ್ಕೆ ತಂದು ಆ ಕಾವಲನ್ನು ಕಡಿದುಹಾಕಿದರು. ಬಿಳಿ ಒಂಟೆ ಅದನ್ನು ಹೊಡೆದರೆ ಕಪ್ಪು ರಾಣಿ ಎಚ್3ಕ್ಕೆ ನುಗ್ಗುತ್ತದೆ. ಬಿ7ರ ಒಂಟೆಯ ದೆಸೆಯಿಂದ ಜಿ2ರ ಕಾಲಾಳು ಅಲುಗಾಡುವಂತಿಲ್ಲ (ಅಲುಗಿದರೆ ಹಿಂದಿನ ರಾಜ ಬಯಲಾಗುತ್ತಾನೆ), ಮುಂದಿನ ನಡೆಗೆ ಚೆಕ್‌ಮೇಟ್. ರಾಣಿಯಿಂದ ಹೊಡೆದರೆ ಜಿ4ರ ಕುದುರೆ ರಾಣಿಯನ್ನೇ ನುಂಗುತ್ತದೆ. ಅರೋನಿಯನ್ ಅಲ್ಲಿಗೇ ಸೋಲೊಪ್ಪಿಕೊಂಡರು.

ಇದು ಹಿಡಿಸಿದರೆ 1907ರಲ್ಲಿ ಪೋಲೆಂಡಿನ ಲೋಡ್ಜ್‌ನಲ್ಲಿ ಅಕಿಬಾ ರುಬಿನ್‌ಸ್ಟೈನ್ ಎಂಬ ಆಟಗಾರ ಕಪ್ಪು ಕಾಯಿಗಳಿಂದ ರೋಟ್ಲೆವಿ ಎಂಬವರನ್ನು ಸೋಲಿಸಿದ ಆಟವನ್ನೂ ನೋಡಿ. ಅಲ್ಲೂ ಇದೇ ಜೋಡಿ ಒಂಟೆಗಳ ಕೆಲಸ.