ಬಿ.ಕಾಂ. ಸೇರುವ ಮುನ್ನ: ಓದುಗರ ಪ್ರಶ್ನೆ, ನಮ್ಮ ಉತ್ತರ

ದ್ವಿತೀಯ ಪಿಯುಸಿ ಫಲಿತಾಂಶ ಬಂದ ಮೇಲೆ ಕೊಡಗಿನ ಓದುಗರು ಬರೆದ ಪತ್ರಗಳಲ್ಲಿ ಹೆಚ್ಚಿನವು ಬಿ.ಕಾಂ. ಬಗ್ಗೆಯೇ ಇವೆ. ವಿರಾಜಪೇಟೆ ಕಡೆ ಬಹುಕಾಲ ಅಕೌಂಟೆನ್ಸಿ ಪಾಠ ಮಾಡಿ ನಿವೃತ್ತಳಾದವಳು ನಾನು, ಹಾಗಾಗಿ ಸಂಪಾದಕರು ಪತ್ರಗಳ ಕಟ್ಟನ್ನು ನನಗೇ ಕಳಿಸಿದ್ದಾರೆ. ಐದನ್ನು ಆರಿಸಿಕೊಂಡಿದ್ದೇನೆ. ಉಳಿದವರು ಕೇಳಿರುವುದೂ ಬಹುಪಾಲು ಇವುಗಳಲ್ಲೇ ಬಂದುಹೋಗುತ್ತದೆ.

ಪ್ರಶ್ನೆ: ಪಿಯುಸಿಯಲ್ಲಿ ಪಿಸಿಎಂಬಿ ತಗೊಂಡಿದ್ದೆ. ಶೇ 54 ಬಂದಿದೆ, ನೀಟ್ ಆಗಲಿಲ್ಲ. ಬಿ.ಕಾಂ. ಸೇರ್ತೀನಿ ಅಂದರೆ, ‘ಸೈನ್ಸ್‌ನವರಿಗೆ ಸೀಟು ಕೊಡಲ್ಲ, ಕೊಟ್ಟರೂ ಫೇಲಾಗ್ತೀಯ’ ಅಂತಿದ್ದಾರೆ. ನಿಜವೇ?
– ವಿದ್ಯಾರ್ಥಿ, ನಾಪೋಕ್ಲು

ಉತ್ತರ: ಸೀಟು ಕೊಡುವುದಿಲ್ಲ ಎಂಬುದು ಸುಳ್ಳು. ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಬಿ.ಕಾಂ.ಗೆ ಸಾಮಾನ್ಯವಾಗಿ ಕೇಳುವುದು ಎರಡು ವರ್ಷದ ಪಿಯುಸಿ ಅಥವಾ ಅದಕ್ಕೆ ಸಮಾನವಾದ ಪರೀಕ್ಷೆ ಪಾಸಾಗಿರಬೇಕು ಎಂದಷ್ಟೇ. ಆರ್ಟ್ಸ್, ಸೈನ್ಸ್, ಕಾಮರ್ಸ್ ಯಾವುದಾದರೂ ಆಗುತ್ತದೆ. ಕೆಲವು ಖಾಸಗಿ ಮತ್ತು ಸ್ವಾಯತ್ತ ಕಾಲೇಜುಗಳು ತಮ್ಮದೇ ಕಟ್‌ಆಫ್ ಇಟ್ಟುಕೊಂಡು ಕಾಮರ್ಸ್ ಮಕ್ಕಳನ್ನು ಮೊದಲು ತೆಗೆದುಕೊಳ್ಳುತ್ತವೆ. ನಿನ್ನ ಶೇ 54ಕ್ಕೆ ಕೊಡಗಿನಲ್ಲಿ ಬಿ.ಕಾಂ. ಸಿಗದು ಎಂದು ಹೆದರಬೇಡ. ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ, ಕುಶಾಲನಗರ, ಸೋಮವಾರಪೇಟೆ ಎಲ್ಲ ಕಡೆಯೂ ಕಾಲೇಜುಗಳಿವೆ.

ಫೇಲಾಗುವ ಮಾತಿನಲ್ಲಿ ಮಾತ್ರ ಸ್ವಲ್ಪ ಹುರುಳಿದೆ, ಅದನ್ನು ಮುಚ್ಚಿಡುವುದಿಲ್ಲ. ಮೊದಲ ಸೆಮಿಸ್ಟರಿನ ಫೈನಾನ್ಷಿಯಲ್ ಅಕೌಂಟಿಂಗ್ ಪಾಠ ಶುರುವಾಗುವಾಗ ಬೆಂಚಿನಲ್ಲಿ ಕೂತವರಲ್ಲಿ ಹೆಚ್ಚಿನವರಿಗೆ ಜರ್ನಲ್ (ವ್ಯವಹಾರಗಳನ್ನು ದಿನಾಂಕವಾರು ಬರೆಯುವ ಪುಸ್ತಕ), ಲೆಡ್ಜರ್ (ಖಾತೆವಾರು ಪುಸ್ತಕ), ಟ್ರಯಲ್ ಬ್ಯಾಲೆನ್ಸ್ (ಖಾತೆಗಳ ಮೊತ್ತ ತಾಳೆ ನೋಡುವ ಪಟ್ಟಿ) ಆಗಲೇ ಗೊತ್ತಿರುತ್ತದೆ. ಮೇಷ್ಟ್ರು ಅವನ್ನು ಒಂದೆರಡು ವಾರದಲ್ಲಿ ಮುಗಿಸಿ ಮುಂದೆ ಹೋಗುತ್ತಾರೆ. ಅಲ್ಲಿ ಹಿಂದೆ ಬಿದ್ದವರು ಕಾರ್ಪೊರೇಟ್ ಅಕೌಂಟಿಂಗ್ (ಕಂಪನಿಗಳ ಲೆಕ್ಕ) ಬರುವ ಹೊತ್ತಿಗೆ ಉತ್ತರಗಳನ್ನು ಬಾಯಿಪಾಠ ಮಾಡತೊಡಗುತ್ತಾರೆ. ಬಾಯಿಪಾಠದಿಂದ ಲೆಕ್ಕ ಬರುವುದಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ನಿಮ್ಮ ಮನೆಯವರು ನವೆಂಬರಿನಲ್ಲಿ ಕಾಫಿ ವ್ಯಾಪಾರಿಯಿಂದ 50,000 ರೂಪಾಯಿ ಮುಂಗಡ ತಂದರು ಎಂದಿಟ್ಟುಕೋ. ರೊಬಸ್ಟಾ ಇನ್ನೂ ಗಿಡದಲ್ಲೇ ಇದೆ. ಹಣ ಕೈಗೆ ಬಂತಲ್ಲ ಎಂದು ಹೊಸಬರು ಅದನ್ನು ಆದಾಯಕ್ಕೆ ಬರೆಯುತ್ತಾರೆ. ಆದರೆ ಅದು ಆದಾಯವಲ್ಲ, ವ್ಯಾಪಾರಿಗೆ ನೀವು ಕೊಡಬೇಕಾದ ಬಾಕಿ. ನಗದು ಖಾತೆಗೆ 50,000 ಡೆಬಿಟ್ (ಖಾತೆಯ ಎಡಬದಿಗೆ ಬರೆಯುವುದು), ವ್ಯಾಪಾರಿಯ ಮುಂಗಡ ಖಾತೆಗೆ 50,000 ಕ್ರೆಡಿಟ್ (ಬಲಬದಿಗೆ ಬರೆಯುವುದು). ಫೆಬ್ರವರಿಯಲ್ಲಿ 1,80,000 ರೂಪಾಯಿಯ ಚೆರ್ರಿ (ಸಿಪ್ಪೆಸಮೇತ ಒಣಗಿಸಿದ ಕಾಫಿ ಹಣ್ಣು) ವ್ಯಾಪಾರಿಗೆ ಹಾಕಿದಿರಿ, ಮುಂಗಡ ಮುರಿದುಕೊಂಡು ಉಳಿದ 1,30,000 ಬ್ಯಾಂಕಿಗೆ ಬಂತು. ಈಗ ಮುಂಗಡ ಖಾತೆಗೆ 50,000, ಬ್ಯಾಂಕ್ ಖಾತೆಗೆ 1,30,000 ಡೆಬಿಟ್ ಮಾಡಿ, ಕಾಫಿ ಮಾರಾಟಕ್ಕೆ ಪೂರ್ತಿ 1,80,000 ಕ್ರೆಡಿಟ್ ಮಾಡಬೇಕು. ಆದಾಯ ಹುಟ್ಟಿದ್ದು ಫೆಬ್ರವರಿಯಲ್ಲಿ. ಪುಸ್ತಕ ನೋಡದೆ ಈ ಎರಡು ಎಂಟ್ರಿಯನ್ನು ನೀನೇ ಬರೆದು, ಯಾಕೆ ಹೀಗೆ ಎಂದು ತಂಗಿಗೋ ತಮ್ಮನಿಗೋ ವಿವರಿಸಲು ಬಂದರೆ ಸೈನ್ಸ್‌ನಿಂದ ಬಂದದ್ದು ನಿನಗೆ ಅಡ್ಡಿಯೇ ಅಲ್ಲ.

11ನೇ ತರಗತಿಯ ಎನ್‌ಸಿಇಆರ್‌ಟಿ ಅಕೌಂಟೆನ್ಸಿ ಪುಸ್ತಕ ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಕಾಲೇಜು ಶುರುವಾಗುವ ಮೊದಲೇ ಅದರ ಟ್ರಯಲ್ ಬ್ಯಾಲೆನ್ಸ್ ತನಕದ ಲೆಕ್ಕಗಳನ್ನು ಪೆನ್ನು ಹಿಡಿದು ಮಾಡು. ವಿಡಿಯೊ ನೋಡಿದರೆ ಅರ್ಥವಾದ ಹಾಗೆ ಅನ್ನಿಸುತ್ತದೆ, ಕೈಗೆ ಮಾತ್ರ ಬರುವುದಿಲ್ಲ.

ಪ್ರಶ್ನೆ: ಮಗಳು ಐಸಿಎಸ್‌ಇ ಶಾಲೆಯಲ್ಲಿ ಹತ್ತನೆಯದು, ಕೇರಳದಲ್ಲಿ ಪ್ಲಸ್ ಟು ಮುಗಿಸಿದ್ದಾಳೆ. ಗೋಣಿಕೊಪ್ಪದಲ್ಲಿ ಬಿ.ಕಾಂ.ಗೆ ಸೇರಿಸಬೇಕು. ಯಾವ ಯಾವ ಕಾಗದ ಬೇಕು? ಆಧಾರ್‌ನಲ್ಲಿ ಅವಳ ಹೆಸರೇ ಬೇರೆ ಥರ ಇದೆ.
– ತಂದೆ, ಕುಟ್ಟ

ಉತ್ತರ: ಕೊನೆಯ ಸಾಲಿನಿಂದಲೇ ಶುರುಮಾಡುತ್ತೇನೆ, ಯಾಕೆಂದರೆ ಕೊಡಗಿನಲ್ಲಿ ಪ್ರವೇಶ ಸಿಕ್ಕಿಬೀಳುವುದು ಹೆಚ್ಚಾಗಿ ಇಲ್ಲೇ. ಮನೆತನದ ಹೆಸರು ಒಂದು ದಾಖಲೆಯಲ್ಲಿ ಮೊದಲು ಬರುತ್ತದೆ, ಇನ್ನೊಂದರಲ್ಲಿ ಕೊನೆಗೆ. ಮತ್ತೊಂದರಲ್ಲಿ ಬರೀ ಇನಿಷಿಯಲ್. ತಂದೆಯ ಹೆಸರು ಒಂದರಲ್ಲಿ ಇರುತ್ತದೆ, ಒಂದರಲ್ಲಿ ಇರುವುದಿಲ್ಲ. ನಮಗೆ ಎಲ್ಲವೂ ಒಬ್ಬಳೇ ಹುಡುಗಿ, ಕಂಪ್ಯೂಟರಿಗೆ ಮೂವರು. ಈಗ ಪದವಿ ಪ್ರವೇಶದ ಅರ್ಜಿ ಯುಯುಸಿಎಂಎಸ್ ಎಂಬ ರಾಜ್ಯದ ಪೋರ್ಟಲ್‌ನಲ್ಲಿ ಹಾಕಬೇಕು. ಅಲ್ಲಿ ಆಧಾರ್ ಮೂಲಕವೇ ನೋಂದಣಿ. ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್ ಕೂಡ ಆಧಾರ್ ಕೇಳುತ್ತದೆ. ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ಹೆಸರು ಹೇಗಿದೆಯೋ, ಅಕ್ಷರಕ್ಕೆ ಅಕ್ಷರ ಹಾಗೆಯೇ ಆಧಾರ್ ತಿದ್ದಿಸಿ. ಅಂಕಪಟ್ಟಿ ತಿದ್ದಿಸುವುದು ದೊಡ್ಡ ರಾಮಾಯಣ, ಆಧಾರ್ ತಿದ್ದಿಸುವುದು ಅದಕ್ಕಿಂತ ಬಹಳ ಸಲೀಸು. ಈ ವಾರವೇ ಹೋಗಿ.

ಹತ್ತು ಮತ್ತು ಹನ್ನೆರಡನೆಯದರ ಮೂಲ ಅಂಕಪಟ್ಟಿ, ವರ್ಗಾವಣೆ ಪತ್ರ, ಫೋಟೊ ಎಲ್ಲರಿಗೂ ಬೇಕು. ಮೀಸಲಾತಿ ಅಥವಾ ಶುಲ್ಕ ವಿನಾಯಿತಿ ಕೇಳುವವರು ನಾಡಕಚೇರಿಯಿಂದ ಜಾತಿ ಮತ್ತು ಆದಾಯ ಪ್ರಮಾಣಪತ್ರ ತರಬೇಕು. ಅದರ ಮೇಲಿರುವ ಆರ್‌ಡಿ ಸಂಖ್ಯೆಯನ್ನೇ ಪೋರ್ಟಲ್ ಕೇಳುವುದು, ಹಾಗಾಗಿ ಹಳೆಯ ಕೈಬರಹದ ಪತ್ರ ನಡೆಯದು. ನಿಮ್ಮ ಮಗಳು ಬೇರೆ ರಾಜ್ಯದ ಬೋರ್ಡಿನಿಂದ ಬರುವುದರಿಂದ ಇನ್ನೆರಡು ಸೇರಿಸಿಕೊಳ್ಳಿ: ಆ ಬೋರ್ಡಿನ ಮೈಗ್ರೇಷನ್ ಸರ್ಟಿಫಿಕೇಟ್, ಇಲ್ಲಿನ ವಿಶ್ವವಿದ್ಯಾಲಯದ ಅರ್ಹತಾ ಪತ್ರ. ಎರಡನೆಯದನ್ನು ಸಾಮಾನ್ಯವಾಗಿ ಕಾಲೇಜಿನ ಮೂಲಕವೇ ಪಡೆಯಬೇಕು. ಸೇರುವ ದಿನವೇ ಕಚೇರಿಯಲ್ಲಿ ವಿಚಾರಿಸಿ, ಪರೀಕ್ಷೆ ಶುಲ್ಕ ಕಟ್ಟುವ ತನಕ ಎಳೆಯಬೇಡಿ.

ಇನ್ನೊಂದು ಮಾತು. ಪ್ರವೇಶದ ಕೊನೆಯ ದಿನಾಂಕಗಳು ನಮ್ಮ ಮಳೆಗಾಲಕ್ಕೆ ಸರಿಯಾಗಿ ಬರುತ್ತವೆ. ಮರ ಬಿದ್ದು ಕರೆಂಟ್ ಹೋದರೆ ಕುಟ್ಟ, ಶ್ರೀಮಂಗಲ ಕಡೆ ನೆಟ್‌ವರ್ಕ್ ಯಾವಾಗ ಬರುತ್ತದೋ ಹೇಳಲಾಗದು. ಎಲ್ಲ ದಾಖಲೆ ಸ್ಕ್ಯಾನ್ ಮಾಡಿ ಫೋನಿನಲ್ಲಿ ಇಟ್ಟುಕೊಂಡು, ಪೋರ್ಟಲ್ ತೆರೆದ ಮೊದಲ ವಾರದಲ್ಲೇ ಅರ್ಜಿ ಹಾಕಿಬಿಡಿ.

ಪ್ರಶ್ನೆ: ಬಿ.ಕಾಂ. ಈಗ ಮೂರು ವರ್ಷವೋ ನಾಲ್ಕು ವರ್ಷವೋ? ಬಿಬಿಎ ಒಳ್ಳೆಯದು ಅಂತಲೂ ಹೇಳ್ತಾರೆ.
– ತಾಯಿ, ಶನಿವಾರಸಂತೆ

ಉತ್ತರ: ಮೂರು ವರ್ಷ, ಆರು ಸೆಮಿಸ್ಟರ್. 2021-22ರಲ್ಲಿ ಬಂದ ನಾಲ್ಕು ವರ್ಷದ ಪದ್ಧತಿಯನ್ನು ರಾಜ್ಯ ಸರ್ಕಾರ 2024-25ರಿಂದ ಕೈಬಿಟ್ಟಿದೆ. ಲೆಕ್ಕ, ತೆರಿಗೆ, ಆಡಿಟ್ ಕಡೆ ಹೋಗುವವರಿಗೆ ಬಿ.ಕಾಂ. ಸರಿ. ಬಿಬಿಎಯಲ್ಲಿ ಮ್ಯಾನೇಜ್‌ಮೆಂಟ್ ಹೆಚ್ಚು, ಅಕೌಂಟಿಂಗ್ ಕಡಿಮೆ. ಬಿಬಿಎಗೇ ಸೇರಿಸುವುದಾದರೆ ಆ ಕಾಲೇಜಿನ ಕೋರ್ಸಿಗೆ ಎಐಸಿಟಿಇ (ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ) ಅನುಮೋದನೆ ಇದೆಯೇ ಎಂದು ಕೇಳಿ. 2024-25ರಿಂದ ಬಿಬಿಎ, ಬಿಸಿಎಗಳು ಅದರ ವ್ಯಾಪ್ತಿಗೆ ಬಂದಿವೆ.

ಪ್ರಶ್ನೆ: ನಾನು ಹತ್ತರ ತನಕ ಕನ್ನಡ ಮೀಡಿಯಂ. ಪಿಯುಸಿಯಲ್ಲಿ ಅಕೌಂಟೆನ್ಸಿಗೆ 91 ಬಂದಿದೆ. ಸಿಎ ಮಾಡಬೇಕು ಅಂತ ಆಸೆ. ಬೆಂಗಳೂರಿಗೆ ಹೋಗದೆ ಆಗೋದಿಲ್ಲ ಅಂತಾರೆ, ಅಪ್ಪನಿಗೆ ಅಷ್ಟು ಶಕ್ತಿ ಇಲ್ಲ. ಬಿ.ಕಾಂ. ಇಲ್ಲೇ ಮಾಡಿದರೆ ಸಿಎ ಕನಸು ಮುಗಿದ ಹಾಗೇನಾ?
– ವಿದ್ಯಾರ್ಥಿನಿ, ಶ್ರೀಮಂಗಲ

ಉತ್ತರ: ಮುಗಿಯುವುದಿಲ್ಲ ಮಗಳೇ. ನಿನ್ನ ಪತ್ರವನ್ನು ನಾನು ಎರಡೆರಡು ಸಲ ಓದಿದೆ. ಇದೇ ಮಾತು ಹೇಳಿ ಜಾಣ ಹುಡುಗಿಯರ ಓದು ನಿಲ್ಲಿಸಿದವರನ್ನು ನಾನು ಬಹಳ ನೋಡಿದ್ದೇನೆ.

ಸಿಎ ಪರೀಕ್ಷೆ ನಡೆಸುವುದು 1949ರ ಕಾಯಿದೆಯಡಿ ಸ್ಥಾಪನೆಯಾದ ಭಾರತೀಯ ಚಾರ್ಟರ್ಡ್ ಅಕೌಂಟೆಂಟ್‌ಗಳ ಸಂಸ್ಥೆ. ನೀನು ಯಾವ ಕಾಲೇಜಿನಲ್ಲಿ ಕೂತು ಓದಿದೆ ಎಂದು ಅದು ಕೇಳುವುದಿಲ್ಲ. ಒಳಗೆ ಹೋಗಲು ಎರಡು ಬಾಗಿಲಿದೆ. ಪಿಯುಸಿ ಆದ ಮೇಲೆ ಸಿಎಯ ಮೊದಲ ಹಂತವಾದ ಫೌಂಡೇಶನ್ ಪರೀಕ್ಷೆ ಬರೆಯುವುದು ಒಂದು. ಅದರಲ್ಲಿ ಅಕೌಂಟಿಂಗ್, ಬಿಸಿನೆಸ್ ಲಾ, ಗಣಿತ-ಲಾಜಿಕ್-ಸ್ಟ್ಯಾಟಿಸ್ಟಿಕ್ಸ್ ಸೇರಿದ ಕ್ವಾಂಟಿಟೇಟಿವ್ ಆಪ್ಟಿಟ್ಯೂಡ್, ಬಿಸಿನೆಸ್ ಎಕನಾಮಿಕ್ಸ್ ಎಂದು ನೂರು ನೂರು ಅಂಕದ ನಾಲ್ಕು ಪೇಪರ್. ಒಂದೊಂದರಲ್ಲೂ ಕನಿಷ್ಠ 40, ಒಟ್ಟಾರೆ ಶೇ 50 ಬರಬೇಕು. ಕೊನೆಯ ಎರಡು ಪೇಪರಿನಲ್ಲಿ ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುತ್ತಾರೆ, ಗೊತ್ತಿಲ್ಲದ್ದನ್ನು ಊಹಿಸಿ ಗುರುತು ಹಾಕಬೇಡ. ಇನ್ನೊಂದು ಬಾಗಿಲು, ಬಿ.ಕಾಂ. ಮುಗಿಸಿ ನೇರವಾಗಿ ಎರಡನೇ ಹಂತವಾದ ಇಂಟರ್‌ಮೀಡಿಯೆಟ್‌ಗೆ ಸೇರುವುದು. ಕಾಮರ್ಸ್ ಪದವೀಧರರಿಗೆ ಶೇ 55, ಬೇರೆ ಪದವೀಧರರಿಗೆ ಶೇ 60 ಬೇಕು. ಆಗ ಫೌಂಡೇಶನ್ ಬೇಡ.

ಇಂಟರ್‌ಮೀಡಿಯೆಟ್‌ನ ಎರಡೂ ಗ್ರೂಪ್ ಪಾಸಾದ ಮೇಲೆ ಆರ್ಟಿಕಲ್‌ಶಿಪ್, ಅಂದರೆ ಸಿಎ ಒಬ್ಬರ ಕೈಕೆಳಗೆ ಪ್ರಾಯೋಗಿಕ ತರಬೇತಿ. 2023ರ ಜುಲೈಯಿಂದ ಜಾರಿಯಾದ ಹೊಸ ಪದ್ಧತಿಯಲ್ಲಿ ಅದು ಮೂರು ವರ್ಷದಿಂದ ಎರಡಕ್ಕೆ ಇಳಿದಿದೆ. ನಮ್ಮ ಜಿಲ್ಲೆಯ ಪೇಟೆಗಳಲ್ಲೂ ಸಿಎ ಕಚೇರಿಗಳಿವೆ. ಸಂಸ್ಥೆಯ ಶಾಖೆ ಮೈಸೂರಿನಲ್ಲೂ ಇದೆ, ಮಂಗಳೂರಿನಲ್ಲೂ ಇದೆ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿ.ಮೀ., ಪರೀಕ್ಷೆಗೆ ಹೋಗಿಬರುವುದಕ್ಕೆ ಅದು ದೂರವಲ್ಲ.

ನಿನ್ನ ಜಾಗದಲ್ಲಿ ನನ್ನ ಮಗಳಿದ್ದರೆ ಏನು ಹೇಳುತ್ತಿದ್ದೆನೋ ಅದನ್ನೇ ಹೇಳುತ್ತೇನೆ. ಊರ ಹತ್ತಿರದ ಕಾಲೇಜಿಗೆ ಬಿ.ಕಾಂ.ಗೆ ಸೇರು, ಫೌಂಡೇಶನ್‌ಗೂ ನೋಂದಾಯಿಸು. ಪರೀಕ್ಷೆಗೆ ನಾಲ್ಕು ತಿಂಗಳು ಮೊದಲೇ ನೋಂದಣಿ ಆಗಿರಬೇಕು, ಹಾಗಾಗಿ ಈಗಲೇ ದಿನಾಂಕ ನೋಡಿಕೋ. 2024ರಿಂದ ಈ ಪರೀಕ್ಷೆ ವರ್ಷಕ್ಕೆ ಮೂರು ಸಲ ನಡೆಯುತ್ತಿದೆ, ಒಂದು ಸಲ ಹೋದರೆ ವರ್ಷವೇನೂ ಹಾಳಾಗದು. ಫೌಂಡೇಶನ್ ಆಗಲೇ ಇಲ್ಲ ಅಂದುಕೋ, ಬಿ.ಕಾಂ.ನಲ್ಲಿ ಶೇ 55 ದಾಟಿದರೆ ಎರಡನೇ ಬಾಗಿಲು ನಿನಗೆ ತೆರೆದೇ ಇರುತ್ತದೆ. ಅದಕ್ಕೇ ಕಾಲೇಜಿನ ಅಂಕವನ್ನು ಕಡೆಗಣಿಸಬೇಡ ಎನ್ನುವುದು. ಸಿಎ ಓದುತ್ತೇನೆಂದು ಕಾಲೇಜು ಬಿಟ್ಟು ಕೂತು, ಆಮೇಲೆ ಹಾಜರಾತಿ ಶೇ 75 ಇಲ್ಲ ಎಂದು ಪರೀಕ್ಷೆಗೆ ಕೂರಲಾಗದೆ ಎರಡೂ ಕಳೆದುಕೊಂಡ ಮಕ್ಕಳನ್ನು ಕಂಡು ನನಗೆ ಸಂಕಟವಾಗಿದೆ. ಜನವರಿ, ಫೆಬ್ರವರಿಯಲ್ಲಿ ಕಾಫಿ ಕೊಯ್ಲಿಗೆಂದು ಮನೆಯಲ್ಲಿ ನಿಲ್ಲಿಸಿಕೊಳ್ಳುವ ತಂದೆತಾಯಿಗಳಿಗೂ ಇದನ್ನೇ ಹೇಳುತ್ತೇನೆ. ಆಳು ಸಿಗುವುದಿಲ್ಲ ನಿಜ, ಆದರೂ ವಾರದ ನಾಲ್ಕು ದಿನವಾದರೂ ಹುಡುಗಿಯನ್ನು ಬಸ್ಸು ಹತ್ತಿಸಿ.

ಭಾಷೆಯ ವಿಷಯ. ಪದವಿ ಪರೀಕ್ಷೆಯಲ್ಲಿ ಕನ್ನಡದಲ್ಲಿ ಉತ್ತರ ಬರೆಯಲು ರಾಜ್ಯದ ಹಲವು ವಿಶ್ವವಿದ್ಯಾಲಯಗಳಲ್ಲಿ ಅವಕಾಶವಿದೆ, ಕಾಲೇಜಿನಲ್ಲಿ ಕೇಳು. ಸಿಎ ಪರೀಕ್ಷೆಗೆ ಮಾತ್ರ ಇಂಗ್ಲಿಷ್ ಅಥವಾ ಹಿಂದಿಯೇ ಆಗಬೇಕು. ಅಕೌಂಟಿಂಗ್ ಪೇಪರಿನಲ್ಲಿ ನಿನಗೆ ತೊಂದರೆ ಆಗದು, ಅಲ್ಲಿ ಮಾತಾಡುವುದು ಅಂಕಿಗಳು. ಕಷ್ಟವಾಗುವುದು ಬಿಸಿನೆಸ್ ಲಾ. ಅದಕ್ಕೆ ದಿನಕ್ಕೊಂದು ಸೆಕ್ಷನ್ ತೆಗೆದುಕೊಂಡು, ಮೊದಲು ಕನ್ನಡದಲ್ಲಿ ನಿನ್ನಷ್ಟಕ್ಕೆ ಹೇಳಿಕೊಂಡು, ಆಮೇಲೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆ. ಕರಾರು ಎಂದರೇನು, ಪ್ರಸ್ತಾಪ ಎಂದರೇನು ಎಂಬುದು ನಿನಗೆ ತಿಳಿದಿದ್ದರೆ ಇಂಗ್ಲಿಷ್ ಹಿಂದೆಯೇ ಬರುತ್ತದೆ.

ಪ್ರಶ್ನೆ: ನನಗೆ 33 ವರ್ಷ. ಎಸ್ಟೇಟಿನಲ್ಲಿ ರೈಟರ್ ಆಗಿದ್ದೇನೆ. ಚೆಕ್‌ರೋಲ್ (ಆಳುಗಳ ಹಾಜರಿ ಪುಸ್ತಕ), ಕೂಲಿ ಬಟವಾಡೆ, ಗೊಬ್ಬರದ ಲೆಕ್ಕ ಎಲ್ಲ ನನ್ನದೇ. ಪಿಯುಸಿ ಆಗಿದೆ. ಈಗ ಬಿ.ಕಾಂ. ಮಾಡಲು ಸಾಧ್ಯವೇ? ಮಾಡಿದರೆ ನನ್ನ ಕೆಲಸಕ್ಕೆ ಉಪಯೋಗ ಇದೆಯೇ?
– ಸಿದ್ದಾಪುರದಿಂದ ಒಬ್ಬರು

ಉತ್ತರ: ಖಂಡಿತ ಸಾಧ್ಯ, ವಯಸ್ಸು ಅಡ್ಡಿಯಲ್ಲ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಲ್ಲಿ ಕೆಲಸ ಬಿಡದೆ ಬಿ.ಕಾಂ. ಓದಬಹುದು. ಜುಲೈ ಮತ್ತು ಜನವರಿ, ಎರಡು ಆವೃತ್ತಿಯಲ್ಲಿ ಪ್ರವೇಶ ಕೊಡುತ್ತಾರೆ. ಮಾನ್ಯತೆ ಪಡೆದ ದೂರಶಿಕ್ಷಣ ಪದವಿಯನ್ನು ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ರೆಗ್ಯುಲರ್ ಪದವಿಗೆ ಸಮಾನವೆಂದೇ ಪರಿಗಣಿಸುತ್ತದೆ. ಅರ್ಜಿಗೆ ಮೊದಲು ಯುಜಿಸಿ ಪೋರ್ಟಲ್‌ನಲ್ಲಿ ಡಿಇಬಿ ಐಡಿ, ಅಂದರೆ ದೂರಶಿಕ್ಷಣದ ವಿದ್ಯಾರ್ಥಿಗೆ ಕೊಡುವ ಗುರುತಿನ ಸಂಖ್ಯೆ, ಮಾಡಿಸಿಕೊಳ್ಳಬೇಕು.

ಉಪಯೋಗದ ಬಗ್ಗೆ ಕೇಳಿದ್ದೀರಿ. ಕೆಲಸದ ಅರ್ಧ ಪಾಠ ನಿಮಗೆ ಬಂದೇ ಇದೆ. ಕಾಸ್ಟ್ ಅಕೌಂಟಿಂಗ್‌ನಲ್ಲಿ ಕೂಲಿಯ ವೆಚ್ಚ, ಸಾಮಗ್ರಿಯ ವೆಚ್ಚ ಎಂದು ಕಲಿಸುವುದೆಲ್ಲ ನಿಮ್ಮ ಚೆಕ್‌ರೋಲ್‌ನಲ್ಲೂ ಗೊಬ್ಬರದ ರಿಜಿಸ್ಟರಿನಲ್ಲೂ ಇದೆ. ಕಲಿಯಬೇಕಾದದ್ದು ತೆರಿಗೆ. ಕಾಫಿಯನ್ನು ಚೆರ್ರಿಯಾಗಿಯೇ ಮಾರಿದರೆ ಅದು ಕೃಷಿ ಆದಾಯ, ಕೇಂದ್ರದ ಆದಾಯ ತೆರಿಗೆ ಇಲ್ಲ. ಬೆಳೆದವರೇ ಕ್ಯೂರಿಂಗ್ ಮಾಡಿ (ಸಿಪ್ಪೆ ತೆಗೆದು ಬೀಜ ಹದಮಾಡಿ) ಮಾರಿದರೆ ಆ ಆದಾಯದ ಶೇ 25 ವ್ಯಾಪಾರದ್ದೆಂದು ತೆರಿಗೆಗೆ ಸೇರುತ್ತದೆ, ಹುರಿದು ಪುಡಿ ಮಾಡಿ ಮಾರಿದರೆ ಶೇ 40. ಇದು 1962ರ ಆದಾಯ ತೆರಿಗೆ ನಿಯಮಗಳ 7ಬಿ ಹಾಕಿಕೊಟ್ಟ ಲೆಕ್ಕ. ಹೋಮ್‌ಸ್ಟೇ ಜೊತೆಗೆ ಸ್ವಂತ ಕಾಫಿಪುಡಿ ಪ್ಯಾಕೆಟ್ ಮಾರುವ ಬೆಳೆಗಾರರು ಹೆಚ್ಚಾಗಿರುವಾಗ, ಈ ಲೆಕ್ಕವನ್ನು ಬೇರೆ ಬೇರೆಯಾಗಿ ಇಡಬಲ್ಲ ರೈಟರ್‌ಗೆ ಬೆಲೆ ಇದೆ. ಪುಸ್ತಕ ಕೊಳ್ಳುವಾಗ ಒಂದು ಎಚ್ಚರ: 2025ರ ಹೊಸ ಆದಾಯ ತೆರಿಗೆ ಕಾಯಿದೆ 2026ರ ಏಪ್ರಿಲ್ 1ರಿಂದ ಜಾರಿ, ಸೆಕ್ಷನ್ ಸಂಖ್ಯೆಗಳೆಲ್ಲ ಬದಲಾಗಿವೆ. ಯಾರೋ ಕೊಟ್ಟ ಹಳೆಯ ತೆರಿಗೆ ಪುಸ್ತಕ ಇಟ್ಟುಕೊಂಡು ಓದಬೇಡಿ.

ಪಿಯುಸಿ ಅಂಕಪಟ್ಟಿ 2018ರ ಮಳೆಯಲ್ಲಿ ಹೋಯಿತು ಎಂದು ಪತ್ರದ ಕೊನೆಗೆ ಬರೆದಿದ್ದೀರಿ. ನಕಲು ಅಂಕಪಟ್ಟಿಗೆ ನೀವು ಓದಿದ ಪಿಯು ಕಾಲೇಜಿನ ಮೂಲಕ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಗೆ ಅರ್ಜಿ ಹಾಕಿ. ರಿಜಿಸ್ಟರ್ ನಂಬರ್, ಪಾಸಾದ ವರ್ಷ ಕಾಲೇಜಿನ ದಾಖಲೆಯಲ್ಲಿ ಸಿಗುತ್ತದೆ. ಅದು ಕೈಸೇರಲು ಸಮಯ ಹಿಡಿಯುವುದರಿಂದ ಮೊದಲು ಆ ಕೆಲಸ ಮಾಡಿ, ಪ್ರವೇಶಕ್ಕೆ ಜನವರಿ ಆವೃತ್ತಿಯನ್ನು ಇಟ್ಟುಕೊಳ್ಳಿ.