ಆಖೆನ್‌ಗೋ, ಎಸ್ಲಿಂಗೆನ್‌ಗೋ: ಸಕಲೇಶಪುರದ ತಮ್ಮನಿಗೆ

ತಮ್ಮಾ, ಜೆಇಇ ಅಡ್ವಾನ್ಸ್ಡ್ ಪಾಸಾಗಿದೆ, ಜರ್ಮನ್ ಭಾಷೆಯ ಸಿ1 ಹಂತ ಕೂಡ ಮುಗಿಸಿದ್ದೇನೆ, ಮೆಕ್ಯಾನಿಕಲ್‌ಗೆ ಜರ್ಮನಿಯ ಆಖೆನ್‌ನ ಆರ್‌ಡಬ್ಲ್ಯುಟಿಎಚ್ ಯೂನಿವರ್ಸಿಟಿ ಸೇರಲೋ ಎಸ್ಲಿಂಗೆನ್‌ನ ಹೋಖ್‌ಶೂಲೆ (ಕೆಲಸಕ್ಕೆ ಹತ್ತಿರದ ಓದು ಕಲಿಸುವ ಕಾಲೇಜು) ಸೇರಲೋ ಎಂದು ಕೇಳಿದ್ದೀಯ. ಮನೆಯವರೆಲ್ಲ ಆಖೆನ್ ಅನ್ನುತ್ತಿದ್ದಾರಂತೆ: ಹೆಸರು ದೊಡ್ಡದು, ಫೀಸೂ ಇಲ್ಲ. ಹದಿನೈದು ವರ್ಷದಿಂದ ಇಲ್ಲಿರುವ ನಾನು ಎಸ್ಲಿಂಗೆನ್ ಅನ್ನುತ್ತೇನೆ.

ಫೀಸಿನ ಮಾತು ಮೊದಲು. ಎಸ್ಲಿಂಗೆನ್ ಇರುವ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ 2017ರಿಂದ ಯುರೋಪಿಯನ್ ಒಕ್ಕೂಟದ ಹೊರಗಿನ ನಮ್ಮಂಥವರಿಗೆ ಸೆಮಿಸ್ಟರಿಗೆ 1500 ಯೂರೋ. ಏಳು ಸೆಮಿಸ್ಟರಿಗೆ 10,500; ಸಣ್ಣ ಮೊತ್ತವಲ್ಲ. ಆದರೆ ವೀಸಾಕ್ಕೆಂದು ಬ್ಲಾಕ್ಡ್ ಅಕೌಂಟ್‌ನಲ್ಲಿ (ತಿಂಗಳಿಗೆ ಇಷ್ಟೇ ಎಂದು ತೆಗೆಯಬಹುದಾದ ಖಾತೆ) ಇಡಿಸುವುದು ವರ್ಷಕ್ಕೆ 11,904 ಯೂರೋ, ತಿಂಗಳಿಗೆ 992. ಒಬ್ಬ ಹುಡುಗನ ಊಟ, ಬಾಡಿಗೆಗೆ ಅಷ್ಟು ಬೇಕೆಂಬ ಲೆಕ್ಕ ಅದು. ಆಖೆನ್‌ನಲ್ಲಿ ಓದು ಒಂದೇ ವರ್ಷ ಎಳೆದರೂ ಉಳಿಸಿದ ಫೀಸು ಅಲ್ಲಿಗೆ ಕರಗಿತು. ಅಪ್ಪನಿಗೆ ಇದನ್ನು ಕೂತು ವಿವರಿಸು.

ಎಳೆಯುವುದು ಯಾಕೆ ಅಂತೀಯಾ? ಹಾಸನದ ಮಲೆನಾಡು ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ ನಮ್ಮಣ್ಣನಿಗೆ ಇಂಟರ್ನಲ್ಸ್ ಇತ್ತು, ಹಾಜರಿ ಇತ್ತು, ಹೆಸರು ಹಿಡಿದು ಬೈಯುವ ಮೇಷ್ಟ್ರಿದ್ದರು. ಇಲ್ಲಿನ ದೊಡ್ಡ ಯೂನಿವರ್ಸಿಟಿಗಳಲ್ಲಿ ಮೊದಲ ವರ್ಷದ ಗಣಿತಕ್ಕೆ ಒಂದು ಹಾಲ್‌ನಲ್ಲಿ ನೂರಾರು ಜನ. ಬಂದೆಯೋ ಬಿಟ್ಟೆಯೋ ಯಾರೂ ಕೇಳುವುದಿಲ್ಲ. ಬಹುತೇಕ ವಿಷಯಗಳಲ್ಲಿ ಕೊನೆಯ ಪರೀಕ್ಷೆಯೇ ಎಲ್ಲ. ಕಡ್ಡಾಯ ವಿಷಯಕ್ಕೆ ಸಾಮಾನ್ಯವಾಗಿ ಮೂರು ಅವಕಾಶ; ಮೂರರಲ್ಲೂ ಬಿದ್ದರೆ ಅದೇ ಕೋರ್ಸನ್ನು ಜರ್ಮನಿಯ ಇನ್ನೊಂದು ಯೂನಿವರ್ಸಿಟಿಯಲ್ಲಿ ಮುಂದುವರಿಸಲೂ ಬಿಡುವುದಿಲ್ಲ. ನಾನು ಮೆಕ್ಯಾನಿಕ್ಸ್‌ನಲ್ಲಿ ಎರಡು ಸಲ ಬಿದ್ದವನು. ಮೂರನೇ ಪರೀಕ್ಷೆಯ ಬೆಳಿಗ್ಗೆ ಅಮ್ಮನಿಗೆ ಫೋನ್ ಮಾಡಿ, ಹೇಳಲಾಗದೆ, "ಮಳೆ ಹಿಡೀತಾ?" ಅಂತಷ್ಟೇ ಕೇಳಿ ಇಟ್ಟೆ. ಪಾಸಾದೆ. ಆ ಬೆಳಿಗ್ಗೆ ನಿನಗೆ ಬರುವುದು ಬೇಡ.

ಈ ಮೂರು ಅವಕಾಶದ ಭಯ ಹೋಖ್‌ಶೂಲೆಯಲ್ಲೂ ತಪ್ಪಿದ್ದಲ್ಲ. ಆದರೆ ತರಗತಿ ಚಿಕ್ಕದು, ತಿಳಿಯದಿದ್ದರೆ ಪ್ರೊಫೆಸರ್‌ರನ್ನೇ ನಿಲ್ಲಿಸಿ ಕೇಳಬಹುದು. ಅವರೂ ಯೂನಿವರ್ಸಿಟಿಯ ಹೊರಗೆ ಕನಿಷ್ಠ ಮೂರು ವರ್ಷ ದುಡಿದು ಬಂದವರಾಗಿರಬೇಕು, ಹಾಗೆಂದೇ ನಿಯಮ. ನಡುವೆ ಒಂದು ಪೂರ್ತಿ ಸೆಮಿಸ್ಟರ್ ಕಂಪನಿಯಲ್ಲಿ ಕೆಲಸ. ಫೆಸ್ಟೋ ಎಸ್ಲಿಂಗೆನ್‌ನದ್ದೇ, ಬಾಷ್, ಮರ್ಸಿಡಿಸ್ ಸ್ಟುಟ್‌ಗಾರ್ಟ್ ಸುತ್ತಮುತ್ತ.

ಸಂಶೋಧನೆಯೇ ನಿನ್ನ ಹಟವಾಗಿದ್ದರೆ ಆಖೆನ್‌ಗೇ ಹೋಗು, ತಡೆಯುವುದಿಲ್ಲ. ಆದರೆ ತೋಟದ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಬಿಚ್ಚಿ ಜೋಡಿಸಿದ್ದನ್ನು ನೀನು ಅರ್ಧ ಪುಟ ಬರೆದಿದ್ದೀಯ. ಸಂಶೋಧನೆಯ ಬಗ್ಗೆ ಒಂದು ಸಾಲೂ ಇಲ್ಲ.

ನಿನ್ನ ಅಂಕಪಟ್ಟಿಗಳು ಅಸಲಿಯೇ ಎಂದು ಜರ್ಮನಿಯ ಕಡೆಯವರು ಪರಿಶೀಲಿಸಿ ಕೊಡುವ ಎಪಿಎಸ್ ಸರ್ಟಿಫಿಕೇಟ್‌ಗೆ ಇನ್ನೂ ಅರ್ಜಿ ಹಾಕಿಲ್ಲ ಅಂದೆಯಲ್ಲ, ನಾಳೆಯೇ ಹಾಕು. ಎಲ್ಲಿಗೆ ಬರುವುದಾದರೂ ವೀಸಾಕ್ಕೆ ಅದು ಬೇಕೇ ಬೇಕು.